ಆಡಳಿತ: ಒಂದು ಪದದ ಗತ್ತು

‘ಆಡಳಿತ’ಕ್ಕೆ ಸಂವಾದಿಯಾದ ಇಂಗ್ಲಿಷಿನ ‘ಅಡ್ಮಿನಿಸ್ಟ್ರೇಷನ್’ ಪದದ ಲ್ಯಾಟಿನ್ ಬೇರಿನಲ್ಲಿರುವುದು ಸೇವೆ; ‘ಮಿನಿಸ್ಟರ್’ ಎಂದರೆ ಅಲ್ಲಿ ಸೇವಕ. ಕನ್ನಡದ ಪದಕ್ಕೆ ದೊರೆತನದ ಗತ್ತು. ಅಧಿಕಾರ ಹಿಡಿದದ್ದು ‘ಆಡಳಿತ ಪಕ್ಷ’, ಶಾಲೆ ನಡೆಸುವ ನಾಲ್ಕು ಮಂದಿಯೂ ‘ಆಡಳಿತ ಮಂಡಳಿ’. ಆದರೆ ‘ಆಳು’ ಕ್ರಿಯಾಪದವಾದರೆ ರಾಜ್ಯಭಾರ, ನಾಮಪದವಾದರೆ ಕೂಲಿಯವ!

ಆಡಳಿತದ ಪರಿವಾರ ಬಹುಪಾಲು ಹೊರಗಿನದು. ಜಿಲ್ಲೆ, ತಾಲ್ಲೂಕು, ಅಮಲ್ದಾರ, ಶಿರಸ್ತೇದಾರ ಎಲ್ಲ ಅರಬ್ಬಿ-ಪಾರಸಿ ನೆಂಟರು. ಚಿಕ್ಕದೇವರಾಜ ಒಡೆಯರು (1673-1704) ಮೈಸೂರಿನ ಕಾರುಬಾರನ್ನು 18 ಇಲಾಖೆಗಳಾಗಿ ವಿಂಗಡಿಸಿದ ವ್ಯವಸ್ಥೆಗೂ ‘ಅಠಾರ ಕಚೇರಿ’ ಎಂಬ ಹೆಸರೇ ನಿಂತಿತು. 1868ರಲ್ಲಿ ಬೆಂಗಳೂರಿನಲ್ಲಿ ಮುಗಿದ ಕಟ್ಟಡ ಆ ಹೆಸರನ್ನು ಹೊತ್ತುಕೊಂಡಿತು. ಇಂದು ಅಲ್ಲಿರುವುದು ಹೈಕೋರ್ಟು.

ಹಳ್ಳಿಯಲ್ಲಿ ಮಾತ್ರ ಹಳೆಯ ಹೆಸರು ಬಹುಕಾಲ ಬಾಳಿತು. ಶಾಸನಗಳ ‘ಸೇನಬೋವ’ನೇ ಶಾನುಭೋಗ. ಇದ್ದಿಲು, ಹುಣಸೆಬೀಜದ ಸರಿ ಬಳಿದ ಬಟ್ಟೆಯ ಮೇಲೆ ಬಳಪದಿಂದ ಊರಿನ ಲೆಕ್ಕ ಬರೆದು ಮಡಿಸಿಡುತ್ತಿದ್ದರು. ಅದೇ ‘ಕಡತ’, ಇಂದಿನ ಕಚೇರಿಯ ಕಾಗದದ ಕಟ್ಟಿಗೂ ಆ ಹೆಸರೇ. ಹುದ್ದೆ ವಂಶದ್ದು, ಹಾಗಾಗಿ ಕಡತವೂ ಮನೆಯದು. ತನ್ನ ಹೊಲ ಯಾರ ಹೆಸರಿನಲ್ಲಿದೆ ಎಂದು ತಿಳಿಯಲು ಓದು ಬಾರದ ರೈತ ಆ ಮನೆಯ ಜಗಲಿಯಲ್ಲೇ ಕಾಯಬೇಕಿತ್ತು. ಬಳಪದ ಬರಹ ಅಳಿಸುವುದೂ ಸುಲಭ.

1961ರ ಕಾಯ್ದೆ ಈ ವಂಶಪಾರಂಪರ್ಯವನ್ನು ರದ್ದುಗೊಳಿಸಿತು. ಸರ್ಕಾರ ನೇಮಿಸಿದ ‘ಗ್ರಾಮ ಲೆಕ್ಕಿಗ’ರು ಬಂದರು. ಈಚೆಗೆ ಆ ಹುದ್ದೆಯ ಹೆಸರು ‘ಗ್ರಾಮ ಆಡಳಿತ ಅಧಿಕಾರಿ’ ಎಂದಾಗಿದೆ. ಲೆಕ್ಕ ಹೋಗಿ ಆಡಳಿತ ಬಂತು. ಪಹಣಿ ಕಂಪ್ಯೂಟರಿನಲ್ಲಿ ಸಿಗುತ್ತದೆ. ಆದರೂ ಎಷ್ಟೋ ಊರುಗಳಲ್ಲಿ ಜನ ಅವರನ್ನು ಕೂಗುವುದು ‘ಶಾನುಭೋಗರೇ’ ಎಂದೇ.