ತೋಟಕ್ಕೆ ನುಗ್ಗುವ ಕಾಡುಪ್ರಾಣಿಗಳ ಗುರುತು: ರಾಮನಗರ ಸೀಮೆಯ ಚರಿತ್ರೆ

ರಾತ್ರಿ ತೋಟಕ್ಕೆ ಬಂದು ಹೋದ ಪ್ರಾಣಿ ಯಾವುದೆಂದು ಬೆಳಗಿನ ಕುರುಹುಗಳಿಂದ ಪತ್ತೆ ಮಾಡುವುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಬೇಸಾಯದಷ್ಟೇ ಹಳೆಯ ವಿದ್ಯೆ. 2007ರಲ್ಲಿ ಈ ತಾಲ್ಲೂಕುಗಳೆಲ್ಲ ಸೇರಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಅದರ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾಯಿತು. ದಕ್ಷಿಣಕ್ಕೆ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ, ಪೂರ್ವಕ್ಕೆ 1974ರ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ, ನಡುವೆ ಸಾವನದುರ್ಗ, ಕಬ್ಬಾಳು, ರಾಮದೇವರ ಬೆಟ್ಟದಂಥ ಬಂಡೆಗುಡ್ಡಗಳು. ಈ ಗುಡ್ಡಗಳ ಬುಡದವರೆಗೂ ರಾಗಿ ಹೊಲ, ಮಾವಿನ ತೋಪು, ತೆಂಗು, ಬಾಳೆ, ಹಿಪ್ಪುನೇರಳೆ ಹಬ್ಬಿವೆ. ಕಾಡು ಎಲ್ಲಿ ಮುಗಿದು ತೋಟ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲಾಗದ ನೆಲವಿದು. ಹೀಗಿದ್ದೂ ಪ್ರಾಣಿಯ ಗುರುತಿನ ಬಗ್ಗೆ ಉಳಿದಿರುವ ದಾಖಲೆಗಳು ಬೇಟೆಗಾರನಿಗೆ, ಸರ್ಕಾರಕ್ಕೆ, ವಿಜ್ಞಾನಿಗೆ ಬೇಕಾದ ಪ್ರಾಣಿಗಳ ಸುತ್ತಲೇ ಸುತ್ತುತ್ತವೆ. ರೈತನಿಗೆ ಹೆಚ್ಚು ಉಪಯೋಗಕ್ಕೆ ಬರುವ ಸಾಕ್ಷಿ ಗಿಡದ ಮೇಲಿನ ಗಾಯ. ಚರಿತ್ರೆಯಲ್ಲಿ ತೀರ ಕಡಿಮೆ ಬರೆಯಲಾದದ್ದೂ ಅದೇ.

ಹಳೆಯ ದಾಖಲೆಗಳಲ್ಲಿ ಈ ಒಲವು ಎದ್ದು ಕಾಣುತ್ತದೆ. ಚನ್ನಪಟ್ಟಣಕ್ಕೆ ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನ ಕಾಳಿ ಎಂಬ ಬೇಟೆನಾಯಿಯ ಸ್ಮಾರಕ. ಗಂಗರ ಬೂತುಗನ ಕಾಲದ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯೂ ಒಂದು ದೊಡ್ಡ ಕಾಡುಹಂದಿಯೂ ಕಾದಾಡಿ ಎರಡೂ ಸತ್ತವೆಂದು ಅದು ಹೇಳುತ್ತದೆ. ಆ ಹಂದಿ ಯಾರ ಹೊಲ ಮಗುಚಿತ್ತು ಎಂಬುದು ಕಲ್ಲು ಕೆತ್ತಿಸಿದವರಿಗೆ ಬೇಕಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಲಿ, ಚಿರತೆ ಕೊಂದವರಿಗೆ ಸರ್ಕಾರದಿಂದ ಇನಾಮು ಸಿಗುತ್ತಿತ್ತು. ಅಂದರೆ ಪ್ರಾಣಿಯ ಗುರುತು ಖಚಿತವಾಗುತ್ತಿದ್ದುದು ಅದು ಹೆಣವಾಗಿ ಕಚೇರಿಯ ಮುಂದೆ ಬಿದ್ದ ಮೇಲೆ. ಮುಳ್ಳುಹಂದಿಗೋ ಪುನುಗು ಬೆಕ್ಕಿಗೋ ಅಂಥ ಬೆಲೆ ಇಲ್ಲದ್ದರಿಂದ ಅವು ಕಡತಕ್ಕೇರಲಿಲ್ಲ. 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಆನೆ ಹಿಡಿದ ಜಿ.ಪಿ. ಸ್ಯಾಂಡರ್ಸನ್, ಮೈಸೂರು ಸೀಮೆಯ ಕಾಡುಗಳ ಬಗ್ಗೆ 1878ರಲ್ಲಿ ಪುಸ್ತಕ ಪ್ರಕಟಿಸಿದ. ಆನೆಯ ಮುಂಗಾಲ ಹೆಜ್ಜೆಯ ಸುತ್ತಳತೆಯನ್ನು ಇಮ್ಮಡಿಸಿದರೆ ಹೆಚ್ಚುಕಡಿಮೆ ಅದರ ಭುಜದೆತ್ತರ ಸಿಗುತ್ತದೆಂಬ ಲೆಕ್ಕವನ್ನು ಅವನು ಚೆನ್ನಾಗಿ ಬಲ್ಲವನು. ಲೆಕ್ಕ ಈಗಲೂ ಕೆಲಸಕ್ಕೆ ಬರುತ್ತದೆ, ನಿಜ. ಆದರೆ ಅದು ಆನೆ ಹಿಡಿಯುವವನ ಲೆಕ್ಕ. ತೋಟದವನಿಗೆ ಬೇಕಾದದ್ದು ಬಂದದ್ದರ ಎತ್ತರಕ್ಕಿಂತ ಮೊದಲು ತಿಂದದ್ದು ಯಾವುದು ಎಂಬ ಉತ್ತರ.

ಬಂದದ್ದೂ ತಿಂದದ್ದೂ ಒಂದೇ ಆಗಿರಬೇಕಿಲ್ಲ. ಒಂದೇ ರಾತ್ರಿ ಒಂದೇ ಬದುವಿನ ಮೇಲೆ ಹಂದಿ, ನಾಯಿ, ಮೊಲ, ಪಕ್ಕದವರ ದನ ಎಲ್ಲವೂ ನಡೆದಿರುತ್ತವೆ. ಹೆಜ್ಜೆ ಯಾರು ಹಾದುಹೋದರೆಂದು ಹೇಳುತ್ತದೆ, ಅಷ್ಟೇ. ತೆಂಗಿನ ಸಸಿಯನ್ನೇ ನೋಡಿ. ಬುಡ ಹಾಳಾಗಿ ಸುಳಿ ಬಾಗಿದ್ದರೆ ಈ ಸೀಮೆಯಲ್ಲಿ ಮೊದಲು ಬರುವ ಮಾತು ಹಂದಿ ಎಂದು. ಬಗ್ಗಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮುಳ್ಳುಹಂದಿ ಕಡಿದಿದ್ದರೆ ಕಿರಿದಾದ ಉಳಿಯಿಂದ ಕೆತ್ತಿದಂತೆ ಜೋಡಿ ಹಲ್ಲಿನ ಗೀರುಗಳು ಅಕ್ಕಪಕ್ಕ ಬಿದ್ದಿರುತ್ತವೆ, ಅಂಚು ಚೊಕ್ಕವಾಗಿರುತ್ತದೆ, ಅದೃಷ್ಟವಿದ್ದರೆ ಒಂದು ಮುಳ್ಳೂ ಸಿಗುತ್ತದೆ. ಕಾಡುಹಂದಿ ಅಗಿದದ್ದಾದರೆ ನಾರು ಜಜ್ಜಿಹೋಗಿರುತ್ತದೆ, ಸಸಿಯ ಸುತ್ತ ಮಣ್ಣು ಮಗುಚಿಕೊಂಡಿರುತ್ತದೆ, ಮೆತ್ತನೆಯ ನೆಲದಲ್ಲಿ ಸೀಳುಗೊರಸಿನ ಹಿಂದೆ ಅಗಲಕ್ಕೆ ಎರಡು ಪುಟ್ಟ ಗುಳಿಗಳಿರುತ್ತವೆ, ತಂತಿಬೇಲಿಗೆ ಒರಟು ಕೂದಲು ಸಿಕ್ಕಿಕೊಂಡಿರುತ್ತದೆ. ಎಳೆ ಪೈರು ಮೇಯ್ದದ್ದು ಮೊಲವೋ ಜಿಂಕೆಯೋ ಎಂಬ ಜಗಳವನ್ನೂ ಗಾಯವೇ ತೀರಿಸುತ್ತದೆ. ಮೊಲಕ್ಕೆ ಮೇಲೂ ಕೆಳಗೂ ಬಾಚಿಹಲ್ಲಿರುವುದರಿಂದ ಕಾಂಡ ಓರೆಯಾಗಿ ಸರಕ್ಕನೆ ಕತ್ತರಿಸಿರುತ್ತದೆ. ಜಿಂಕೆಗೆ, ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಆದ್ದರಿಂದ ಎಳೆದು ಹರಿದ ತುದಿ ಸಿಬಿರು ಸಿಬಿರಾಗಿರುತ್ತದೆ. ಜಿಂಕೆ ತಿಂದಿತೋ ಪಕ್ಕದ ಮನೆಯ ಹಸು ತಿಂದಿತೋ ಎಂಬುದು ಮಾತ್ರ ಗಾಯದಿಂದ ತೀರ್ಮಾನವಾಗದು. ಅಲ್ಲಿ ಹಿಕ್ಕೆಯನ್ನೋ ಸಗಣಿಯನ್ನೋ ಹುಡುಕಬೇಕು. ಮಾವಿನ ತೋಪಿನಲ್ಲಿ ಮರದಡಿ ಜಗಿದು ಉಗಿದ ನಾರಿನ ಉಂಡೆ ಬಿದ್ದಿದ್ದರೆ ಬಾವಲಿ. ಹಗಲು ಹೊತ್ತಿನಲ್ಲಿ ಒಂದೆರಡು ಸಲ ಕಚ್ಚಿ ಬಿಸಾಡಿದ ಕಾಯಿಗಳ ರಾಶಿಯಾದರೆ ಕೋತಿ. ಬಂಡೆಗುಡ್ಡಗಳ ಸಂದಿಯಲ್ಲಿ ವಾಸಿಸುವ ಕರಡಿ ಹಣ್ಣಿಗೆ ಬಂದಿದ್ದರೆ ಮರದ ತೊಗಟೆಯ ಮೇಲೆ ಉಗುರಿನ ಉದ್ದ ಗೀರು, ಸುತ್ತಮುತ್ತ ಅಗೆದ ಹುತ್ತ, ಬೀಜ ತುಂಬಿದ ಮಲ ಮೂರೂ ಸಿಗುವ ಸಂಭವ ಹೆಚ್ಚು. ಆನೆಗೆ ಇಷ್ಟೆಲ್ಲ ತನಿಖೆ ಬೇಕಿಲ್ಲ. ರಾಗಿಯನ್ನು ಹಿಡಿಹಿಡಿಯಾಗಿ ಬುಡಸಮೇತ ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸಿದ್ದು, ಬಾಳೆಯ ದಿಂಡು ಸೀಳಿದ್ದು, ತೆಂಗು ಉರುಳಿಸಿ ಸುಳಿ ತಿಂದದ್ದು ಕಣ್ಣಿಗೆ ಹೊಡೆಯುತ್ತವೆ.

ಇಪ್ಪತ್ತನೆಯ ಶತಮಾನದಲ್ಲಿ ಗುರುತು ಹಚ್ಚುವ ಕೆಲಸ ವಿಜ್ಞಾನದ ಕೈಗೆ ಬಂತು. ಉತ್ತರ ಭಾರತದ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲೇ ಪ್ರಾಣಿ ತಾನೇ ತಂತಿ ಎಡವಿ ಚಿತ್ರ ತೆಗೆಸಿಕೊಳ್ಳುವ ಕ್ಯಾಮೆರಾ ಕಟ್ಟಿದ್ದ. ಒಡಿಶಾದ ಸರೋಜ್ ರಾಜ್ ಚೌಧುರಿ 1960ರ ದಶಕದಲ್ಲಿ ರೂಪಿಸಿದ ಹೆಜ್ಜೆಗುರುತಿನ ಎಣಿಕೆ ಹುಲಿಗಣತಿಯ ಅಧಿಕೃತ ವಿಧಾನವಾಯಿತು. ಹೆಜ್ಜೆ ಮಣ್ಣಿನ ಗುಣ, ನಡಿಗೆಯ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ, ಅದನ್ನು ನಂಬಿ ಒಂದೊಂದೇ ಹುಲಿಯನ್ನು ಎಣಿಸಲಾಗದು ಎಂದು ಕನ್ನಡನಾಡಿನವರೇ ಆದ ಉಲ್ಲಾಸ ಕಾರಂತರು ವಾದಿಸಿ, ನಾಗರಹೊಳೆಯಲ್ಲಿ 1990ರ ದಶಕದಿಂದ ಕ್ಯಾಮೆರಾ ಟ್ರ್ಯಾಪ್ ಬಳಸಿದರು. ಹೆಜ್ಜೆಯೊಂದನ್ನೇ ನೆಚ್ಚಬಾರದೆಂಬ ಆ ತಕರಾರು ಹುಲಿಗಷ್ಟೇ ಅಲ್ಲ, ತೋಟದ ಬದುವಿಗೂ ಸಲ್ಲುತ್ತದೆ. ಬೆಳೆಯ ಕಡೆಯಿಂದ ನೋಡಿದ ಮಹತ್ವದ ಅಧ್ಯಯನ ರಾಮನ್ ಸುಕುಮಾರ್ ಅವರದು. 1980ರ ದಶಕದ ಆರಂಭದಲ್ಲಿ ಚಾಮರಾಜನಗರದ ಕಾಡಂಚಿನಲ್ಲಿ ಅವರು ಕಂಡುಕೊಂಡಂತೆ, ಬೆಳೆದ ಸಲಗವೊಂದು ಹಿಂಡಿನ ಹೆಣ್ಣಾನೆಗಿಂತ ಸುಮಾರು ಆರು ಪಟ್ಟು ಹೆಚ್ಚು ಸಲ ಹೊಲಕ್ಕೆ ನುಗ್ಗುತ್ತದೆ. ರಾಗಿ ಅವುಗಳಿಗೆ ಬಲು ಇಷ್ಟ. ಆಮೇಲೆ ಪ್ರಶ್ನೆ ಯಾವ ಜಾತಿ ಎಂಬುದನ್ನು ದಾಟಿ ಯಾವ ಆನೆ ಎಂಬಲ್ಲಿಗೆ ಬಂತು. ಸೀಮೆಯ ಸಲಗಗಳಿಗೆ ಹೆಸರು ಬಿದ್ದವು. 2016ರಲ್ಲಿ ಮಂಚನಬೆಲೆ ಜಲಾಶಯದ ಬಳಿ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ನರಳಿ ಡಿಸೆಂಬರಿನಲ್ಲಿ ಸತ್ತ ಸಿದ್ದನ ಹೆಸರು ನಾಡಿಗೆಲ್ಲ ಗೊತ್ತಾಯಿತು.

ಕ್ಯಾಮೆರಾ ಇಷ್ಟು ಅಗ್ಗವಾಗಿರುವಾಗ ಹಲ್ಲಿನ ಗೀರು ಹುಡುಕುವುದೇಕೆ ಎಂಬ ಆಕ್ಷೇಪ ಸಹಜ. ಕ್ಯಾಮೆರಾದ ಉಪಕಾರವನ್ನು ಅಲ್ಲಗಳೆಯಲಾಗದು: ಕಾವೇರಿ ವನ್ಯಜೀವಿಧಾಮದಲ್ಲಿ ತರಕರಡಿ (ಹನಿ ಬ್ಯಾಜರ್) ಇದೆಯೆಂದು ಸಂಜಯ್ ಗುಬ್ಬಿ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು ಅದರಿಂದಲೇ. ಆದರೆ ಕ್ಯಾಮೆರಾವೂ ಹೆಜ್ಜೆಯ ಹಾಗೆ ಮುಖ್ಯವಾಗಿ ಹಾದುಹೋದವರ ಸಾಕ್ಷಿ. ಬದುವಿಗೆ ಕಟ್ಟಿದ ಪೆಟ್ಟಿಗೆಯಲ್ಲಿ ಹಂದಿಯ ಚಿತ್ರ ಸಿಕ್ಕಿತೆಂದು ಹತ್ತು ಮಾರು ಆಚೆಯ ಸಸಿ ಕಡಿದದ್ದು ಹಂದಿ ಎಂದಾಗದು; ಚಿತ್ರವನ್ನೂ ಗಾಯವನ್ನೂ ತಾಳೆ ಹಾಕಲೇಬೇಕು. ಇನ್ನೊಂದು ಆಕ್ಷೇಪ, ರೈತನಿಗೆ ಇದೆಲ್ಲ ಮೊದಲೇ ಗೊತ್ತು ಎಂಬುದು. ಆನೆ, ಹಂದಿ, ಕೋತಿಯ ವಿಷಯದಲ್ಲಿ ಅದು ಪೂರ್ತಿ ಸರಿ. ರಾತ್ರಿ ತಿರುಗುವ ಸಣ್ಣ ಪ್ರಾಣಿಗಳ ವಿಷಯದಲ್ಲಿ ಅಷ್ಟು ಸರಿಯಲ್ಲ, ಏಕೆಂದರೆ ದೊಡ್ಡ ಪ್ರಾಣಿಯ ಹೆದರಿಕೆ ಕಣ್ಣಿಗಿಂತ ಮುಂದೆ ಓಡುತ್ತದೆ. ಆ ಹೆದರಿಕೆ ಬುಡವಿಲ್ಲದ್ದೇನೂ ಅಲ್ಲ: 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಚಿರತೆ ಒಂದು ಮಗುವನ್ನೂ ಒಬ್ಬ ವೃದ್ಧೆಯನ್ನೂ ಕೊಂದಿತು. ಅಂಥ ದಿನಗಳಲ್ಲಿ ನಾಯಿಯ ಹೆಜ್ಜೆಯೂ ಚಿರತೆಯದಾಗಿ ಕಾಣುತ್ತದೆ; ನಾಯಿಯದಾದರೆ ಉಗುರಿನ ಗುರುತು ಮುಂದೆ ಚುಚ್ಚಿರುತ್ತದೆ, ಚಿರತೆ ನಡೆಯುವಾಗ ಉಗುರು ಒಳಗೆಳೆದುಕೊಂಡಿರುತ್ತದೆ.

ಹೆಚ್ಚು ತೂಕದ ಆಕ್ಷೇಪ ಬೇರೆಯೇ ಇದೆ. ಯಾವುದು ತಿಂದರೇನು, ನಷ್ಟ ನಷ್ಟವೇ ತಾನೆ? ಪರಿಹಾರದ ಮೊತ್ತ ಸಾಲದೆಂಬ ಕೊರಗು ಇರುವವರಿಗೆ ಈ ಮಾತು ನ್ಯಾಯವಾಗಿಯೇ ತೋರುತ್ತದೆ. ಆದರೆ ತಡೆಯುವ ಉಪಾಯ ಪ್ರಾಣಿಗೆ ತಕ್ಕಂತೆ ಬೇರೆ ಬೇರೆ. ಆನೆ ಕಂದಕ, ರೈಲು ಕಂಬಿಯ ಬೇಲಿ ಮುಳ್ಳುಹಂದಿಗೆ ಅಡ್ಡಿಯೇ ಅಲ್ಲ. ಆನೆಯ ಎತ್ತರಕ್ಕೆ ಎಳೆದ ಸೋಲಾರ್ ತಂತಿಯ ಕೆಳಗೆ ಹಂದಿ ನುಸುಳುತ್ತದೆ. ಕೋತಿಗೆ ಯಾವ ಕಂದಕವೂ ಲೆಕ್ಕಕ್ಕಿಲ್ಲ. ಗುರುತು ತಪ್ಪಿದರೆ ಬೇಲಿಗೆ ಹಾಕಿದ ದುಡ್ಡು ಹೋದ ಹಾಗೆಯೇ. ಅದಕ್ಕಿಂತ ಕೆಟ್ಟದ್ದು ಸಿಟ್ಟಿನಲ್ಲಿ ಇಡುವ ಸಿಡಿಮದ್ದು, ಬೇಲಿಗೆ ನೇರವಾಗಿ ಹರಿಸುವ ಮನೆಯ ಕರೆಂಟು. ಅವು ಹಂದಿಯನ್ನೇ ಆರಿಸಿ ಕೊಲ್ಲುವುದಿಲ್ಲ. ಹಸು, ನಾಯಿ, ಆನೆ, ಕೊನೆಗೆ ನೀರು ಹಾಯಿಸಲು ಹೋದ ಮನುಷ್ಯನೂ ಅವಕ್ಕೆ ಸಿಗಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಹೀಗೆ ಕಾಡುಪ್ರಾಣಿ ಕೊಲ್ಲುವುದು ಅಪರಾಧ.

ಆ ಕಾಯಿದೆಯ ನಂತರ ಗುರುತು ಹಚ್ಚುವಿಕೆ ಕಚೇರಿಯ ಕೆಲಸವೂ ಆಯಿತು: ಅರಣ್ಯ ಸಿಬ್ಬಂದಿ ಸ್ಥಳಕ್ಕೆ ಬಂದು ನೋಡಬೇಕು, ಮಹಜರು ಬರೆಯಬೇಕು, ಅರ್ಜಿ ಈಗ ಇ-ಪರಿಹಾರ ವ್ಯವಸ್ಥೆಯ ಮೂಲಕ ಸಾಗಬೇಕು. ಅವರು ಬರುವ ಹೊತ್ತಿಗೆ ದನ ತುಳಿದು, ಬಿಸಿಲಿಗೆ ಬಾಡಿ, ಮಳೆ ಬಿದ್ದು ಕುರುಹು ಅಳಿಸಿರುತ್ತದೆ. ಪ್ರಾಣಿ ನುಗ್ಗಿದ ತೋಟದವರು ಮುರಿದ ಗಿಡವನ್ನು ಎತ್ತಿ ಎಸೆಯುವ ಮೊದಲು ಕಡಿದ ಜಾಗ, ಹೆಜ್ಜೆ, ಹಿಕ್ಕೆ ಮೂರರ ಫೋಟೊವನ್ನೂ ಪಕ್ಕದಲ್ಲಿ ಅಳತೆಗೆ ಬೆಂಕಿಪೊಟ್ಟಣವೋ ನಾಣ್ಯವೋ ಇಟ್ಟು ಬೆಳಗಿನಲ್ಲೇ ತೆಗೆದಿಟ್ಟುಕೊಳ್ಳಬೇಕು.