ತಾಯಂದಿರ ಕಥೆ ಹೊತ್ತು ದೇಶ ದಾಟಿದವರು

ಅರಬ್ ಹೆಣ್ಣೊಬ್ಬಳ ಮೊದಲ ಪ್ರಕಟಿತ ಆತ್ಮಕಥೆ ಎಂದು ಸಾಮಾನ್ಯವಾಗಿ ಎಣಿಸುವ ಪುಸ್ತಕ ಬಂದದ್ದು ಅರಬ್ ನಾಡಿನಲ್ಲಲ್ಲ, ಅರಬಿ ಭಾಷೆಯಲ್ಲೂ ಅಲ್ಲ. 1886ರಲ್ಲಿ ಜರ್ಮನಿಯಲ್ಲಿ, ಜರ್ಮನ್ ಭಾಷೆಯಲ್ಲಿ ಅದು ಅಚ್ಚಾಯಿತು. ಬರೆದವಳು ಜಾಂಜಿಬಾರಿನ ಸುಲ್ತಾನನ ಮಗಳು ಸಲ್ಮಾ. ಹ್ಯಾಂಬರ್ಗಿನ ವ್ಯಾಪಾರಿಯೊಬ್ಬನನ್ನು ಪ್ರೀತಿಸಿ, ಬಸುರಿಯಾಗಿ, 1866ರಲ್ಲಿ ಬ್ರಿಟಿಷ್ ಹಡಗು ಹತ್ತಿ ತವರು ಬಿಟ್ಟವಳು. ಏಡನ್‌ನಲ್ಲಿ ಕ್ರೈಸ್ತಳಾಗಿ ಎಮಿಲಿ ರೂಟೆ ಆದಳು. 1870ರಲ್ಲಿ ಗಂಡ ಟ್ರಾಮ್ ಅಪಘಾತದಲ್ಲಿ ತೀರಿಕೊಂಡಾಗ ಪರದೇಶದಲ್ಲಿ ಮೂರು ಎಳೆಯ ಮಕ್ಕಳೊಡನೆ ಒಂಟಿಯಾದಳು. ಅವಳ ಮನೆಯ ಹೆಣ್ಣುಮಕ್ಕಳಿಗೆ ಓದು ಕಲಿಸುತ್ತಿದ್ದರು, ಬರಹ ಕಲಿಸುತ್ತಿರಲಿಲ್ಲ. ಒಂಟೆಯ ಹೆಗಲ ಮೂಳೆಯನ್ನು ಹಲಗೆ ಮಾಡಿಕೊಂಡು, ಕುರಾನಿನ ಅಕ್ಷರಗಳನ್ನು ನೋಡಿ ನೋಡಿ ಅವಳು ಗುಟ್ಟಾಗಿ ಬರೆಯಲು ಕಲಿತಿದ್ದಳು.

ತನ್ನ ಮಕ್ಕಳಿಗೆ ತಾಯಿಯ ಬದುಕು ತಿಳಿಯಲಿ ಎಂದು ಸಲ್ಮಾ ಬರೆಯಲು ಕೂತಳು. ಆದರೆ ಪುಟಗಳು ಮುಂದುವರಿದಂತೆ ಯುರೋಪಿನ ಓದುಗ ಎದುರಿಗೆ ಬಂದು ನಿಲ್ಲುತ್ತಾನೆ. ಪೂರ್ವದ ಹೆಣ್ಣಿನ ಬಗ್ಗೆ ನೀವು ತಿಳಿದಿರುವುದು ತಪ್ಪು ಎಂದು ಅವನೊಡನೆ ವಾದಿಸಲೇಬೇಕಾಗುತ್ತದೆ. ಮನೆಯವರಿಗಾಗಿ ಹೇಳುವುದು, ಹೊರಗಿನವರಿಗೆ ವಿವರಿಸುವುದು: ವಲಸೆ ಹೋದ ಅರಬ್ ಮಹಿಳೆಯರ ಬರವಣಿಗೆಯ ಇತಿಹಾಸವೆಲ್ಲ ಈ ಎರಡರ ಎಳೆದಾಟವೆಂದೇ ನನಗೆ ತೋರುತ್ತದೆ.

ಅಟ್ಲಾಂಟಿಕ್ ದಾಟಿದವರ ಮೊದಲ ಪೀಳಿಗೆ ಹೊರಗಿನವರ ಗೊಡವೆಗೆ ಹೋಗಲಿಲ್ಲ. ಲೆಬನಾನಿನಿಂದ ಎಳೆಯ ಮದುವಣಗಿತ್ತಿಯಾಗಿ ಲೂಯಿಸಿಯಾನಕ್ಕೆ ಹೋದ ಅಫೀಫಾ ಕರಮ್, ನ್ಯೂಯಾರ್ಕಿನ ಅರಬಿ ಪತ್ರಿಕೆ ‘ಅಲ್ ಹುದಾ’ಕ್ಕೆ ಬರೆದರು. ವಲಸೆ ಬರುವ ಹೆಣ್ಣೊಬ್ಬಳ ಸುತ್ತ ಹೆಣೆದ ಅವರ ಕಾದಂಬರಿ ‘ಬದೀಆ ವ ಫುಆದ್’ 1906ರದು. ಅರಬಿಯ ಮೊದಲ ಕಾದಂಬರಿ ಎಂದು ಬಹುಕಾಲ ಪಾಠ ಹೇಳಲಾದ ‘ಝೈನಬ್’ಗಿಂತ ಏಳು ವರ್ಷ ಹಿಂದಿನದು. ಹೆಣ್ಣು, ಅದೂ ದೂರದ ಅಮೆರಿಕದಲ್ಲಿದ್ದವಳು ಎಂಬ ಕಾರಣಕ್ಕೆ ಸಾಹಿತ್ಯ ಚರಿತ್ರೆ ಅವರನ್ನು ಮರೆತದ್ದು ಅನ್ಯಾಯ.

ಆಮೇಲಿನ ದಶಕಗಳಲ್ಲಿ ಈ ಧಾರೆ ತೆಳುವಾಗಿ ಹರಿಯಿತು. ಅದು ಮತ್ತೆ ಮೈದುಂಬಿದ್ದು 1980ರ ನಂತರ. ಅಲ್ಜೀರಿಯಾದ ಆಸಿಯಾ ಜೆಬಾರ್ ಚೆನೂವಾ ಬೆಟ್ಟದ ಸೀಮೆಯ ಹೆಂಗಸರಿಂದ ಸ್ವಾತಂತ್ರ್ಯ ಸಮರದ ನೆನಪುಗಳನ್ನು ಕೇಳಿ ಮೊದಲು ಸಿನಿಮಾ ಮಾಡಿದರು. 1985ರಲ್ಲಿ ಆ ದನಿಗಳನ್ನು ತಮ್ಮ ಬಾಲ್ಯದ ಜೊತೆ ನೇಯ್ದು ಫ್ರೆಂಚಿನಲ್ಲಿ ‘ಲಾಮೂರ್, ಲಾ ಫಾಂತಾಸಿಯಾ’ ಬರೆದರು. ತನ್ನ ನಾಡನ್ನು ಗೆದ್ದವರ ಭಾಷೆಯಲ್ಲಿ ತನ್ನ ಹೆಂಗಸರ ಮಾತು ಬರೆಯುವ ನೋವು ಅದರ ಉದ್ದಕ್ಕೂ ಇದೆ. 2005ರಲ್ಲಿ ಫ್ರೆಂಚ್ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಇಂಗ್ಲಿಷಿನಲ್ಲಿ ಬರೆದವರಲ್ಲೂ ಕೇಂದ್ರದಲ್ಲಿ ಕಾಣುವವಳು ತಾಯಿಯೇ. ಕೈರೋದಿಂದ ಕೇಂಬ್ರಿಡ್ಜ್ ಮೂಲಕ ಅಮೆರಿಕ ಸೇರಿದ ಲೈಲಾ ಅಹ್ಮದ್ ‘ಎ ಬಾರ್ಡರ್ ಪ್ಯಾಸೇಜ್’ನಲ್ಲಿ (1999), ತನ್ನ ಅಜ್ಜಿ, ತಾಯಿ, ಚಿಕ್ಕಮ್ಮಂದಿರು ಬಾಯಿಮಾತಿನಲ್ಲೇ ಬದುಕಿ ತೋರಿಸಿದ ಇಸ್ಲಾಮನ್ನು ಗಂಡಸರ ಗ್ರಂಥದ ಇಸ್ಲಾಮಿನಿಂದ ಬೇರೆಯಾಗಿಯೇ ಕಾಣುತ್ತಾರೆ. ಘಾದಾ ಕರ್ಮಿ ಅವರ ‘ಇನ್ ಸರ್ಚ್ ಆಫ್ ಫಾತಿಮಾ’ (2002) 1948ರಲ್ಲಿ ಜೆರುಸಲೇಮ್ ಬಿಟ್ಟು ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಸೇರಿದ ಕುಟುಂಬದ ಕಥೆ. ಅದರಲ್ಲಿನ ತಾಯಿ ಇಂಗ್ಲಿಷ್ ಕಲಿಯಲು ಒಲ್ಲಳು, ಲಂಡನ್ನಿನ ಮನೆಯೊಳಗೂ ಜೆರುಸಲೇಮಿನ ಬಾಳನ್ನೇ ನಡೆಸುತ್ತಾಳೆ. ಸೋತ ನಾಡಿನ ಬಗ್ಗೆ ನೂರು ಭಾಷಣ ಹೇಳಲಾಗದ್ದನ್ನು ಆ ತಾಯಿಯ ಹಟ ಹೇಳುತ್ತದೆ.

ಈ ಪರಂಪರೆಯ ಶಿಖರವೆಂದು ನಾನು ನಂಬುವುದು ಲಂಡನ್ನಿನಲ್ಲಿ ನೆಲೆಸಿದ ಲೆಬನಾನಿನ ಹನಾನ್ ಅಲ್ ಶೇಖ್ ಅವರ ಪುಸ್ತಕವನ್ನು. ಅವರ ತಾಯಿ ಕಮೀಲಾಗೆ ಅಕ್ಷರ ಬರುತ್ತಿರಲಿಲ್ಲ. ಸತ್ತ ಅಕ್ಕನ ಗಂಡನಿಗೇ ಹದಿಹರೆಯದಲ್ಲಿ ಕಟ್ಟಿದರು. ಪ್ರೀತಿಸಿದವನಿಗಾಗಿ ಮುಂದೆ ಆಕೆ ಗಂಡನನ್ನೂ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನೂ ಬಿಟ್ಟು ಹೋದಳು. ಬಿಟ್ಟುಹೋದ ಮಕ್ಕಳಲ್ಲಿ ಹನಾನ್ ಒಬ್ಬರು. ಲೋಕದವರ ಕಥೆ ಬರೆಯುತ್ತೀಯಲ್ಲ, ನನ್ನದನ್ನೂ ಬರೆ ಎಂದು ತಾಯಿ ವರ್ಷಗಟ್ಟಲೆ ಬೇಡಿದಳು. ಮಗಳು ತಪ್ಪಿಸಿಕೊಂಡೇ ಬಂದರು. ಕೊನೆಗೆ ಕೇಳಿಸಿಕೊಂಡರು. ತಾಯಿ ತೀರಿದ ಮೇಲೆ 2005ರಲ್ಲಿ ಅರಬಿಯಲ್ಲಿ ಬಂದ ಆ ಪುಸ್ತಕ ‘ದಿ ಲೋಕಸ್ಟ್ ಅಂಡ್ ದಿ ಬರ್ಡ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೂ ಬಂತು. ಅದರಲ್ಲಿ ‘ನಾನು’ ಎನ್ನುವವಳು ತಾಯಿ. ತೊರೆದು ಹೋದವಳ ಬಾಯಿಯಿಂದಲೇ ತೊರೆದದ್ದರ ಕಾರಣ ಹೇಳಿಸಲು ಮಗಳಿಗೆ ಎಂಥ ಎದೆಗಾರಿಕೆ ಬೇಕು! ಇಲ್ಲಿ ಹೊರಗಿನವರಿಗೆ ವಿವರಣೆ ಇಲ್ಲ, ಕ್ಷಮೆ ಕೋರುವ ಧಾಟಿಯೂ ಇಲ್ಲ.

ಅದೇ ಹೊತ್ತಿಗೆ ಮಾರುಕಟ್ಟೆ ಇನ್ನೊಂದು ದಿಕ್ಕಿಗೆ ಎಳೆಯುತ್ತಿತ್ತು. 2001ರ ಸೆಪ್ಟೆಂಬರ್ ದಾಳಿಯ ನಂತರ ಪಶ್ಚಿಮದ ಪುಸ್ತಕದಂಗಡಿಗಳಲ್ಲಿ ಮುಸುಕಿನ ಮುಖಪುಟಗಳು ತುಂಬಿಕೊಂಡವು. ಜೋರ್ಡಾನಿನಲ್ಲಿ ಗೆಳತಿಯ ಮರ್ಯಾದೆ ಹತ್ಯೆಯನ್ನು ಕಂಡೆನೆಂದು ನೋರ್ಮಾ ಖೂರಿ ಬರೆದ ‘ಸತ್ಯಕಥೆ’ ಆಸ್ಟ್ರೇಲಿಯಾದಲ್ಲಿ ಭರ್ಜರಿಯಾಗಿ ಮಾರಾಟವಾಯಿತು. ಲೇಖಕಿ ಬಾಲ್ಯದಿಂದಲೂ ಶಿಕಾಗೋದಲ್ಲಿ ಬೆಳೆದವಳೆಂದು 2004ರಲ್ಲಿ ಪತ್ರಕರ್ತರು ಬಯಲು ಮಾಡಿದರು. ಅದಕ್ಕೂ ಮೊದಲೇ ಪುಸ್ತಕದ ತಪ್ಪುಗಳನ್ನು ಎತ್ತಿ ತೋರಿಸಿದವರು ಮರ್ಯಾದೆ ಹತ್ಯೆಯ ವಿರುದ್ಧ ಹೋರಾಡುತ್ತಿದ್ದ ಜೋರ್ಡಾನಿನ ಹೆಣ್ಣುಮಕ್ಕಳು. ಅವರ ನಿಜವಾದ ಹೋರಾಟಕ್ಕೆ ಈ ಸುಳ್ಳು ಮಾಡಿದ ಹಾನಿ ಸಣ್ಣದಲ್ಲ.

ಸಿರಿಯಾದ ದಂಗೆಯ ಹೊತ್ತಿಗೆ ರೂಪವೇ ಬದಲಾಯಿತು. ಮಗಳನ್ನು ಕರೆದುಕೊಂಡು ಪ್ಯಾರಿಸ್ಸಿಗೆ ಹೋದ ಸಮರ್ ಯಜ್ಬೆಕ್ ಅವರದು ದಿನಚರಿ. ವಅದ್ ಅಲ್ ಕತೀಬ್ ಮುತ್ತಿಗೆಯ ಅಲೆಪ್ಪೊದಲ್ಲಿ ಕ್ಯಾಮೆರಾ ಹಿಡಿದರು. ಅವರ ‘ಫಾರ್ ಸಮಾ’ (2019) ಹಸುಳೆ ಮಗಳಿಗೆ ತಾಯಿ ಹೇಳುವ ಕಥೆ. ಕೆನಡಾದ ಎಡ್ಮಂಟನ್‌ನಲ್ಲಿರುವ ಈಜಿಪ್ಟಿನ ಕವಿ ಇಮಾನ್ ಮರ್ಸಾಲ್ ರಕ್ತಸಂಬಂಧವನ್ನೂ ದಾಟಿದರು. ಕಾದಂಬರಿಯನ್ನು ಪ್ರಕಾಶಕರು ತಿರಸ್ಕರಿಸಿದ ಮೇಲೆ 1963ರಲ್ಲಿ ಜೀವ ತೆಗೆದುಕೊಂಡ ಇನಾಯತ್ ಅಲ್ ಝಯ್ಯಾತ್ ಎಂಬ ಲೇಖಕಿಯ ಜಾಡು ಹಿಡಿದು ಕೈರೋದ ಬೀದಿ, ದಾಖಲೆ, ಗೋರಿಗಳನ್ನು ಹುಡುಕಿದರು. 2019ರ ಆ ಪುಸ್ತಕ ಒಬ್ಬಳ ಜೀವನಚರಿತ್ರೆಯೂ ಹೌದು, ಇನ್ನೊಬ್ಬಳ ಆತ್ಮಕಥೆಯೂ ಹೌದು. ಅದಕ್ಕೆ 2021ರ ಶೇಖ್ ಝಾಯೆದ್ ಪುಸ್ತಕ ಪ್ರಶಸ್ತಿ ಸಂದಿತು.

ಈ ಸಾಹಿತ್ಯಕ್ಕೆ ಹೊಸದಾಗಿ ಕಾಲಿಡುವವರು ಸಲ್ಮಾಳ ಅರಮನೆಯಿಂದ ಶುರುಮಾಡಬೇಕಿಲ್ಲ. ಮೊದಲು ಕಮೀಲಾಳ ಕಥೆ ಓದಿ, ಆಮೇಲೆ ಘಾದಾ ಕರ್ಮಿ ಅವರದನ್ನು. ಮುಸುಕಿನ ಮುಖಪುಟ ಹೊತ್ತ ‘ಸತ್ಯಕಥೆ’ ಕೈಗೆ ಸಿಕ್ಕರೆ, ಅದನ್ನು ಯಾರಿಗಾಗಿ ಬರೆದಿದ್ದಾರೆ ಎಂದು ಮೊದಲು ಕೇಳಿಕೊಳ್ಳಿ.