ಬಿಗರಿಯಿಂದ ಅಂಗನವಾಡಿಯವರೆಗೆ: ಶಾಲಾಪೂರ್ವ ಸಿದ್ಧತೆ ಮತ್ತು ಸರಕಾರದ ನಿಗಾ

ಶಾಲೆಯ ಚರಿತ್ರೆಯನ್ನು ಒಂದನೆಯ ಇಯತ್ತೆಯಿಂದ ಆರಂಭಿಸುವುದು ರೂಢಿ. ಜನರಲ್ ರಜಿಸ್ಟರಿನಲ್ಲಿ ಮಗುವಿನ ಹೆಸರು ಏರುವುದು ಆಗಲೇ. ಆದರೆ ಮಗು ಶಾಲೆಗೆ ಸಿದ್ಧವಾಗುವುದು ಅದಕ್ಕೂ ಮುಂಚಿನ ಎರಡು ಮೂರು ವರ್ಷಗಳಲ್ಲಿ. ಆ ಸಿದ್ಧತೆಯನ್ನು ಯಾರು ಮಾಡಿಸಿದರು, ಯಾವ ಭಾಷೆಯಲ್ಲಿ ಮಾಡಿಸಿದರು, ಅದರ ಮೇಲೆ ಸರಕಾರ ಎಂತಹ ನಿಗಾ ಇಟ್ಟಿತು ಎಂಬುದನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ. ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರಗಳ ಕನ್ನಡ ಶಾಲೆಗಳಿಗೆ ಇದು ಉಳಿವಿನ ಪ್ರಶ್ನೆಯೂ ಹೌದು.

ಮುಂಬಯಿ ಇಲಾಖೆಯ ಕಾಲದಲ್ಲಿ ಒಂದನೆಯ ಇಯತ್ತೆಗಿಂತ ಮುಂಚೆ ‘ಬಿಗರಿ’ ಎಂಬ ವರ್ಗವಿತ್ತು. ನಮ್ಮ ಹಿರಿಯ ಹಳೆಯ ವಿದ್ಯಾರ್ಥಿಗಳ ಮಾತಿನಲ್ಲಿ ಆ ಹೆಸರು ಇನ್ನೂ ಉಳಿದಿದೆ. ಮಗು ಪಾಟಿಯ ಮೇಲೆ ಮೂಲಾಕ್ಷರ ತಿದ್ದುತ್ತಿದ್ದುದು, ಮಗ್ಗಿಗೆ ದನಿಗೂಡಿಸುತ್ತಿದ್ದುದು, ಸಾಲಿನಲ್ಲಿ ಕೂಡ್ರಲು ಕಲಿಯುತ್ತಿದ್ದುದು ಅಲ್ಲಿಯೇ. ಆ ಪದ್ಧತಿಯಲ್ಲಿ ಬಾಯಿಪಾಠ ಹೆಚ್ಚು, ಆಟ ಕಡಿಮೆ. ಛಡಿಯ ಭಯವೂ ಇತ್ತು. ಆದರೂ ಅದಕ್ಕೊಂದು ಗುಣವಿತ್ತು. ಬಿಗರಿ ಶಾಲೆಯ ಮಾಡಿನ ಕೆಳಗೇ ಇದ್ದುದರಿಂದ ಶಿಕ್ಷಣ ಖಾತೆಯ ತಪಾಸಣೆ ಅದನ್ನೂ ಒಳಗೊಳ್ಳುತ್ತಿತ್ತು. ಬಿಗರಿಯ ಭಾಷೆ ಮತ್ತು ಒಂದನೆಯ ಇಯತ್ತೆಯ ಭಾಷೆ ಬೇರೆಯಾಗುವ ಪ್ರಸಂಗವೇ ಇರಲಿಲ್ಲ.

ಎಳೆಯ ಮಕ್ಕಳಿಗೆ ಆಟದ ಮೂಲಕ ಕಲಿಸಬೇಕೆಂಬ ವಿಚಾರವು ಸರಕಾರಕ್ಕಿಂತ ಮೊದಲು ಶಿಕ್ಷಕರಲ್ಲಿ ಮೂಡಿತು. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿಗೆ ಬಂದು, ಅನುತಾಯಿ ವಾಘ್ ಅವರ ಜೊತೆಗೂಡಿ ಹಳ್ಳಿಯ ಬಡಮಕ್ಕಳಿಗಾಗಿ ಬಾಲವಾಡಿ ನಡೆಸಿದರು; ಮುಂದೆ 1957ರಲ್ಲಿ ಕೋಸಬಾಡಕ್ಕೆ ನೆಲೆ ಬದಲಿಸಿದರು. ಮಕ್ಕಳು ಬಾಲವಾಡಿಗೆ ಬಾರದಿದ್ದರೆ ಬಾಲವಾಡಿಯೇ ಅವರ ಅಂಗಳಕ್ಕೆ ಹೋಗಬೇಕೆಂದು ತಾರಾಬಾಯಿಯವರು ನಿಶ್ಚಯಿಸಿದರು. ಕಲ್ಲು, ಬೀಜ, ಎಲೆಗಳೇ ಅಲ್ಲಿ ಕಲಿಕೆಯ ಸಾಧನಗಳಾದವು. ‘ಅಂಗನವಾಡಿ’ ಎಂಬ ಹೆಸರು ಬಂದದ್ದು ಹೀಗೆ. ಮಗು ಇರುವಲ್ಲಿಗೆ ಶಿಕ್ಷಣ ಬರಬೇಕೆಂಬುದು ಆ ಹೆಸರಿನಲ್ಲಿ ಅಡಗಿರುವ ತತ್ತ್ವ.

ಆ ದಿನಗಳಲ್ಲಿ ಸರಕಾರದ ಪಾತ್ರ ಅಲ್ಪವಾಗಿತ್ತು. 1944ರ ಸಾರ್ಜಂಟ್ ವರದಿಯು 10 ಲಕ್ಷ ಮಕ್ಕಳಿಗೆ ಶಿಶುಶಾಲೆಗಳ ಅವಕಾಶ ಕಲ್ಪಿಸಬೇಕೆಂದಿತು. 1953ರಲ್ಲಿ ಸ್ಥಾಪಿತವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯು ಸ್ವಯಂಸೇವಾ ಸಂಸ್ಥೆಗಳ ಬಾಲವಾಡಿಗಳಿಗೆ ಅನುದಾನ ನೀಡಿತು. ಸರಕಾರವೇ ದೊಡ್ಡ ಪ್ರಮಾಣದಲ್ಲಿ ಮುಂದೆ ಬಂದದ್ದು 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಮೂಲಕ. ದೇಶದ 33 ಕಡೆ ಪ್ರಯೋಗವಾಗಿ ಆರಂಭವಾದ ಆ ಯೋಜನೆಯನ್ನು ಎಲ್ಲ ವಸತಿಗಳಿಗೂ ವಿಸ್ತರಿಸುವಂತೆ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿಯೂ 2006ರಲ್ಲಿಯೂ ಆದೇಶಿಸಿತು.

ಯೋಜನೆಯ ಆರು ಸೇವೆಗಳೆಂದರೆ ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವಿಕೆ, ತಾಯಂದಿರಿಗೆ ಆಹಾರ-ಆರೋಗ್ಯದ ತಿಳಿವಳಿಕೆ ಮತ್ತು ಶಾಲಾಪೂರ್ವ ಶಿಕ್ಷಣ. ನಿಗಾ ಹೆಚ್ಚಾಗಿ ಮೊದಲಿನವುಗಳ ಮೇಲೆಯೇ ನಿಂತಿತು. ಮೇಲ್ವಿಚಾರಕಿ ಬಂದಾಗ ಮಗುವಿನ ತೂಕ, ಆಹಾರದ ದಾಸ್ತಾನು, ಹಾಜರಿ ಇವೆಲ್ಲ ಪರಿಶೀಲನೆಗೆ ಒಳಪಡುತ್ತವೆ. 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ವ್ಯವಸ್ಥೆಯೂ ಬಂದಿದೆ. ಹಸಿದ ಮಗು ಕಲಿಯಲಾರದು. ಆದ್ದರಿಂದ ಈ ಎಚ್ಚರ ಸರಿಯಾದದ್ದೇ. ಆದರೆ ಆ ಮಗು ಯಾವ ಭಾಷೆಯ ಹಾಡು ಕೇಳಿತು, ಯಾವ ಅಕ್ಷರಗಳ ಚಿತ್ರಪಟ ನೋಡಿತು ಎಂಬುದು ತಪಾಸಣೆಯ ಮುಖ್ಯ ವಿಷಯವಾಗಲಿಲ್ಲ. ನಾವು ಕಂಡಂತೆ, ನಮ್ಮ ಸೀಮೆಯ ಹಲವು ಊರುಗಳಲ್ಲಿ ಸೇವಿಕೆಯ ಬಾಯಿಮಾತು ಕನ್ನಡ. ಆಕೆಯ ಕೈಗೆ ಬರುವ ಪುಸ್ತಕ, ಪಟ, ದಾಖಲೆಗಳು ಮರಾಠಿ.

ಕಾನೂನಿನಲ್ಲಿಯೂ ಇದೇ ಬಿರುಕು ಕಾಣುತ್ತದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಇರಬೇಕೆನ್ನುತ್ತದೆ. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಮಾತು. ಪುಣೆಯ ಬಾಲಭಾರತಿಯಿಂದ ಒಂದನೆಯ ಇಯತ್ತೆಗೆ ಕನ್ನಡ ಪುಸ್ತಕ ಬರುತ್ತದೆ. ಅದಕ್ಕಿಂತ ಕೆಳಗಿನ ಮೆಟ್ಟಿಲನ್ನು ಆ ಅನುಚ್ಛೇದ ಹೆಸರಿಸುವುದಿಲ್ಲ. 2002ರ 86ನೆಯ ತಿದ್ದುಪಡಿಯು ಆರು ವರ್ಷದೊಳಗಿನ ಮಕ್ಕಳ ಪೋಷಣೆ, ಶಿಕ್ಷಣಗಳಿಗಾಗಿ ರಾಜ್ಯವು ಪ್ರಯತ್ನಿಸಬೇಕೆಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 11ನೆಯ ಕಲಮು ಮೂರು ದಾಟಿದ ಮಕ್ಕಳನ್ನು ಶಾಲೆಗೆ ಸಿದ್ಧಗೊಳಿಸಲು ಸರಕಾರವು ಉಚಿತ ವ್ಯವಸ್ಥೆ ಮಾಡಬಹುದು ಎಂದಿತು; ಮಾಡಲೇಬೇಕು ಎನ್ನಲಿಲ್ಲ. ಅದೇ ಕಾಯಿದೆಯ ಮಾನ್ಯತೆಯ ನಿಯಮಗಳು ಪ್ರಾಥಮಿಕ ಶಿಕ್ಷಣ ನೀಡುವ ಶಾಲೆಗಳಿಗೆ ಸಂಬಂಧಿಸಿದವು. ಕೇವಲ ನರ್ಸರಿ ನಡೆಸುವವರು ಆ ಚೌಕಟ್ಟಿನ ಹೊರಗೇ ಉಳಿದರು. ಹೀಗೆ ಅಂಗನವಾಡಿ ಮಹಿಳಾ ಮತ್ತು ಬಾಲ ವಿಕಾಸ ಖಾತೆಗೆ, ಶಾಲೆ ಶಿಕ್ಷಣ ಖಾತೆಗೆ ಸೇರಿತು. ನಡುವಿನ ಹೊಸ್ತಿಲನ್ನು ಕಾಯುವವರು ಇಲ್ಲವಾದರು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಮನೆಮಾತಿನ ಮಹತ್ವವನ್ನು ಎತ್ತಿ ಹೇಳಿತು. 2021ರ ‘ವಿದ್ಯಾಪ್ರವೇಶ’ವು ಒಂದನೆಯ ಇಯತ್ತೆಯ ಮೊದಲ ಮೂರು ತಿಂಗಳುಗಳಿಗೆ ಆಟದ ಪಾಠಗಳನ್ನು ರೂಪಿಸಿತು. ಮಹಾರಾಷ್ಟ್ರದಲ್ಲಿ 2022ರಿಂದ ‘ಪಹಿಲೆ ಪಾವೂಲ್’ ಹೆಸರಿನ ಶಾಲಾಪೂರ್ವ ತಯಾರಿ ಅಭಿಯಾನ ಶಾಲೆಗಳ ಅಂಗಳದಲ್ಲಿ ನಡೆಯುತ್ತಿದ್ದು, ತಾಯಂದಿರನ್ನೂ ಒಳಗೊಂಡಿದೆ. ಬಹುಕಾಲದ ನಂತರ ಎರಡು ಖಾತೆಗಳು ಒಂದೇ ಮಗುವನ್ನು ಒಟ್ಟಿಗೆ ನೋಡತೊಡಗಿವೆ. ಇದನ್ನು ನಾವು ಸ್ವಾಗತಿಸುತ್ತೇವೆ.

ಮರಾಠಿ ನಮಗೆ ಪರಕೀಯ ಭಾಷೆಯಲ್ಲ. ಅದು ನಮ್ಮ ಸಂತೆಯ, ಕಚೇರಿಯ, ನೆರೆಹೊರೆಯ ಭಾಷೆ. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಬೇಕು, ಇಂಗ್ಲಿಷನ್ನೂ ಕಲಿಯಬೇಕು. ಆದರೆ ಮನೆಯಲ್ಲಿ ಕನ್ನಡವಾಡುವ ಮಗು ನಾಲ್ಕನೆಯ ವಯಸ್ಸಿನಲ್ಲಿ ಬೇರೆ ಭಾಷೆಯಲ್ಲಿ ಸಿದ್ಧವಾದರೆ, ಆರನೆಯ ವಯಸ್ಸಿನಲ್ಲಿ ಕನ್ನಡ ಶಾಲೆಯ ಬಾಗಿಲಿಗೆ ಬರುವುದು ವಿರಳ. ನಮ್ಮ ಪಟಸಂಖ್ಯೆ ನಿರ್ಧಾರವಾಗುವುದು ನಮ್ಮ ರಜಿಸ್ಟರು ತೆರೆಯುವುದಕ್ಕಿಂತ ಮುಂಚೆಯೇ.

ಆದಕಾರಣ ಪಾಲಕರಲ್ಲಿ ಮತ್ತು ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿಯಿಷ್ಟು. ಅಂಗನವಾಡಿಯ ತಾಯಂದಿರ ಸಭೆಗೆ ಹೋದಾಗ ಆಹಾರದ ಜೊತೆಗೆ ಭಾಷೆಯ ಬಗೆಗೂ ವಿಚಾರಿಸಿರಿ. ಗ್ರಾಮಸಭೆಯಲ್ಲಿ ಕನ್ನಡದ ಹಾಡು, ಕಥೆ, ಚಿತ್ರಪಟಗಳನ್ನು ಕೇಳಿ ಠರಾವು ಮಾಡಿಸಿರಿ. ಅನುಕೂಲವುಳ್ಳವರು ಶಾಲೆಗೆ ಹೊಂದಿಕೊಂಡ ಕನ್ನಡ ಬಾಲವಾಡಿಯೊಂದಕ್ಕೆ ನೆರವಾಗಿರಿ. ಖಾತೆಗಳ ಕಣ್ಣು ತಲುಪದ ಕಡೆ ಊರಿನ ಕಣ್ಣು ತಲುಪಲಿ. ಎರಡನೆಯ ಶತಮಾನದ ಬುನಾದಿ ಅಂಗಳದಲ್ಲಿಯೇ ಬೀಳಲಿ.